ಭೀಮೆಯ ದಂಡೆಗೆ ಬಂದ ನಗೆ



ಸುಗ್ಗಿ ಮುಗಿದು ಜೋಳದ ರಾಶಿ ಮನೆ ಸೇರಿತೆಂದರೆ ಆಳಂದ, ಅಫಜಲಪುರ, ಜೇವರ್ಗಿ ಸೀಮೆಯ ಊರುಗಳಲ್ಲಿ ಜಾತ್ರೆಗಳು ಒಂದರ ಹಿಂದೆ ಒಂದು ಬರುತ್ತವೆ. ಜಾತ್ರೆ ಎಂದಮೇಲೆ ನಾಟಕ ಇರಲೇಬೇಕು. ಊರಿನ ಹುಡುಗರು ರಾತ್ರಿ ಹೊತ್ತು ತಾಲೀಮು ಮಾಡುತ್ತಾರೆ. ಪೇಟಿ ಮಾಸ್ತರರನ್ನು ಗೊತ್ತುಮಾಡುತ್ತಾರೆ, ಪರದೆಗಳನ್ನು ಬಾಡಿಗೆಗೆ ತರುತ್ತಾರೆ. ಆ ರಾತ್ರಿ ಮುದುಕರು, ಹಾಲುಗೂಸು ಹೊತ್ತ ತಾಯಂದಿರು, ಹೊಲದಿಂದ ನೇರವಾಗಿ ಬಂದವರು, ಎಲ್ಲರೂ ಬೆಳಗಿನ ಜಾವದವರೆಗೆ ಕದಲದೆ ಕೂತಿರುತ್ತಾರೆ. ಅವರನ್ನು ಹಾಗೆ ಹಿಡಿದು ಕೂರಿಸುವವನು ಬಹುಪಾಲು ಹಾಸ್ಯದ ಪಾತ್ರಧಾರಿ. ಮೈಕಿನಲ್ಲಿ ಅತಿ ಹೆಚ್ಚು ಆಹೇರಿ, ಅಂದರೆ ಮೆಚ್ಚುಗೆಯ ಕಾಣಿಕೆ, ಕೂಗುವುದೂ ಅವನ ಹೆಸರಿಗೇ. ಆದರೂ ಮರುದಿನ ಕಟ್ಟೆಯ ಮೇಲೆ ಕೂತು ನಾಟಕ ಹೇಗಿತ್ತೆಂದು ತೂಗುವಾಗ, ಅದರಲ್ಲೂ ಓದಿದವರು ತೂಗುವಾಗ, ಹಾಸ್ಯವನ್ನು ಲೆಕ್ಕಕ್ಕೆ ಹಿಡಿಯುವುದಿಲ್ಲ. ಅದು ಬರೇ ನಗಿಸುವುದು, ಕೆಳಗಿನ ದರ್ಜೆಯದು ಎಂದು ಪಕ್ಕಕ್ಕೆ ಇಟ್ಟುಬಿಡುತ್ತಾರೆ.

ಇನ್ನೂರೈವತ್ತು ವರ್ಷಗಳ ಹಿಂದೆ ಲಂಡನ್ನಿನಲ್ಲಿ ಒಬ್ಬ ನಾಟಕಕಾರ ಇದೇ ಮಾತು ಕೇಳಿ ನೊಂದಿದ್ದ. ನೊಂದು ಸುಮ್ಮನಾಗದೆ, ಇಂದಿಗೂ ರಂಗದ ಮೇಲೆ ಜೀವಂತವಾಗಿರುವ ನಾಟಕವೊಂದನ್ನು ಬರೆದು ಉತ್ತರ ಕೊಟ್ಟ. ಅವನು ಆಲಿವರ್ ಗೋಲ್ಡ್‌ಸ್ಮಿತ್, ನಾಟಕ ‘ಷಿ ಸ್ಟೂಪ್ಸ್ ಟು ಕಾಂಕರ್’. ಅದನ್ನು ಕನ್ನಡಕ್ಕೆ ತಂದವರು ಬಾಗಲಕೋಟೆಯಲ್ಲಿ ವಕೀಲಿ ಮಾಡುತ್ತಿದ್ದ ಕೆರೂರು ವಾಸುದೇವಾಚಾರ್ಯರು. ಇವರಿಬ್ಬರ ವಿಷಯವನ್ನು ನಮ್ಮ ಭೀಮಾ ದಂಡೆಯ ನಾಟಕದ ಜೊತೆಗೆ ಸೇರಿಸಿ ನಿಮ್ಮ ಮುಂದೆ ಇಡುತ್ತೇನೆ.

ಇಂಗ್ಲೆಂಡಿನಲ್ಲಿ ಜಾರ್ಜ್ ಹೆಸರಿನ ರಾಜರು ಒಬ್ಬರಾದ ಮೇಲೆ ಒಬ್ಬರು ಆಳಿದ ಕಾಲವದು, 1714ರಿಂದ 1830ರವರೆಗೆ. ಗೋಲ್ಡ್‌ಸ್ಮಿತ್ ತನ್ನ ಮುಖ್ಯ ನಾಟಕವನ್ನು ಬರೆಯುವ ಹೊತ್ತಿಗೆ ನಮ್ಮ ಈ ಸೀಮೆ ಹೈದರಾಬಾದಿನ ನಿಜಾಮ್ ಅಲಿ ಖಾನನ ಆಳ್ವಿಕೆಯಲ್ಲಿತ್ತು, ಮೈಸೂರಿನಲ್ಲಿ ಹೈದರಾಲಿ ಇದ್ದ. ಲಂಡನ್ನಿನಲ್ಲಿ ನಾಟಕ ಆಡುವುದು ಆಗ ಸುಲಭವಿರಲಿಲ್ಲ. 1737ರ ಕಾಯಿದೆಯ ಪ್ರಕಾರ ಪ್ರತಿಯೊಂದು ಹೊಸ ನಾಟಕವೂ ಅರಮನೆಯ ಅಧಿಕಾರಿಯ ಒಪ್ಪಿಗೆ ಪಡೆಯಬೇಕಿತ್ತು. ಮಾತಿನ ನಾಟಕಗಳನ್ನು ವರ್ಷವಿಡೀ ಆಡುವ ಹಕ್ಕು ಡ್ರೂರಿ ಲೇನ್ ಮತ್ತು ಕೋವೆಂಟ್ ಗಾರ್ಡನ್ ಎಂಬ ಎರಡೇ ರಂಗಮಂದಿರಗಳಿಗೆ ಇತ್ತು. ನಾಟಕಕಾರನಿಗೆ ಸಂಬಳವಿಲ್ಲ. ಮೂರನೆಯ, ಆರನೆಯ, ಒಂಬತ್ತನೆಯ ರಾತ್ರಿಯ ಕಲೆಕ್ಷನ್‌ನಲ್ಲಿ ಖರ್ಚು ಕಳೆದು ಉಳಿದದ್ದು ಅವನದು. ನಾಟಕ ಮೂರನೆಯ ರಾತ್ರಿಯನ್ನು ಕಾಣದಿದ್ದರೆ ಕೈ ಬರಿದು. ಕಲಾವಿದರೊಬ್ಬರ ಸಹಾಯಾರ್ಥವಾಗಿ ಒಂದು ರಾತ್ರಿಯ ಆಟವನ್ನು ಮೀಸಲಿಡುವ ನಮ್ಮ ಕಂಪನಿಗಳ ಬೆನಿಫಿಟ್ ಷೋ ಕಂಡವರಿಗೆ ಈ ವ್ಯವಸ್ಥೆ ಅಪರಿಚಿತ ಅನ್ನಿಸಲಾರದು.

ಗೋಲ್ಡ್‌ಸ್ಮಿತ್ ಹುಟ್ಟಿದ್ದು 1728ರ ಸುಮಾರಿಗೆ, ಐರ್ಲೆಂಡಿನ ಒಬ್ಬ ಬಡ ಪಾದ್ರಿಯ ಮಗನಾಗಿ. ಲಂಡನ್ನಿಗೆ ಬಂದು ಪುಸ್ತಕದಂಗಡಿಯವರಿಗಾಗಿ ಹೇಳಿದ್ದೆಲ್ಲ ಬರೆದು ಹೊಟ್ಟೆ ಹೊರೆದವನು. ಆ ಹೊತ್ತಿಗೆ ಲಂಡನ್ನಿನ ಸಭ್ಯ ಪ್ರೇಕ್ಷಕರಿಗೆ ಅಳಿಸುವ ಕಾಮಿಡಿ ಹಿಡಿಸಿತ್ತು. ಹೆಸರಿಗೆ ಕಾಮಿಡಿ, ರಂಗದ ಮೇಲೆ ಮಾತ್ರ ಒಳ್ಳೆಯವರು ಒಳ್ಳೆಯ ಮಾತಾಡಿ ಕಣ್ಣೀರು ಹಾಕುತ್ತಿದ್ದರು, ನೋಡುವವರೂ ಕರವಸ್ತ್ರ ತೆಗೆಯುತ್ತಿದ್ದರು. 1768ರ ಜನವರಿಯಲ್ಲಿ ಹ್ಯೂ ಕೆಲ್ಲಿ ಎಂಬವನ ಇಂಥದೊಂದು ನಾಟಕ ಡ್ರೂರಿ ಲೇನಿನಲ್ಲಿ ಗೆದ್ದಿತು. ಅದೇ ತಿಂಗಳು ಕೋವೆಂಟ್ ಗಾರ್ಡನ್ನಿನಲ್ಲಿ ಗೋಲ್ಡ್‌ಸ್ಮಿತ್‌ನ ‘ದಿ ಗುಡ್ ನೇಚರ್ಡ್ ಮ್ಯಾನ್’ ರಂಗಕ್ಕೆ ಬಂತು. ಅದರಲ್ಲಿ ಸಾಲದ ವಸೂಲಿಗೆ ಬಂದ ಕೋರ್ಟಿನ ಜವಾನರು ದೊಡ್ಡವರ ಮನೆಯ ಬೈಠಕ್ಕಿನಲ್ಲಿ ಕೂತು ತಮ್ಮ ಭಾಷೆಯಲ್ಲೇ ಮಾತಾಡುವ ದೃಶ್ಯವೊಂದಿದೆ. ನಾಟಕದಲ್ಲಿ ನಿಜವಾಗಿ ನಗು ಉಕ್ಕುವ ದೃಶ್ಯ ಅದು. ಪ್ರೇಕ್ಷಕರು ಇದು ಕೀಳು ಎಂದು ಕೂಗಿ ಗದ್ದಲ ಮಾಡಿದರು. ದೃಶ್ಯವನ್ನು ರಂಗದಿಂದ ತೆಗೆಯಬೇಕಾಯಿತು. ಮುದ್ರಣದಲ್ಲಿ ಗೋಲ್ಡ್‌ಸ್ಮಿತ್ ಅದನ್ನು ಬಿಡದೆ ಉಳಿಸಿಕೊಂಡ.

ಐದು ವರ್ಷಗಳ ನಂತರ, 1773ರ ಜನವರಿಯಲ್ಲಿ, ಅವನು ಪತ್ರಿಕೆಯೊಂದರಲ್ಲಿ ಲೇಖನ ಬರೆದು ನೇರ ಪ್ರಶ್ನೆ ಎತ್ತಿದ. ಕಾಮಿಡಿಯ ಕೆಲಸ ಸಾಮಾನ್ಯ ಮನುಷ್ಯರ ದೌರ್ಬಲ್ಯಗಳನ್ನು ತೋರಿಸಿ ನಗಿಸುವುದು. ಅಳಿಸುವುದೇ ಅದರ ಕೆಲಸವಾದರೆ ನಗು ಎಲ್ಲಿಗೆ ಹೋಗಬೇಕು ಎಂಬುದು ಅವನ ವಾದ. ಎರಡು ತಿಂಗಳಿಗೆ, ಮಾರ್ಚ್ 15ರಂದು, ‘ಷಿ ಸ್ಟೂಪ್ಸ್ ಟು ಕಾಂಕರ್’ ಕೋವೆಂಟ್ ಗಾರ್ಡನ್ನಿನ ರಂಗ ಏರಿತು. ಏರುವವರೆಗೆ ಪಟ್ಟ ಕಷ್ಟ ದೊಡ್ಡದು. ಮ್ಯಾನೇಜರ್ ಜಾರ್ಜ್ ಕೋಲ್ಮನ್‌ಗೆ ಅದು ಬಿದ್ದುಹೋಗುತ್ತದೆಂಬ ಭಯ. ಹಸ್ತಪ್ರತಿಯನ್ನು ತಿಂಗಳುಗಟ್ಟಲೆ ಇಟ್ಟುಕೊಂಡು ಕೂತ. ಗೆಳೆಯನೂ ಆಗಿನ ಹೆಸರಾಂತ ಲೇಖಕನೂ ಆದ ಡಾಕ್ಟರ್ ಜಾನ್ಸನ್ ಪಟ್ಟು ಹಿಡಿದ ಮೇಲೆ ಒಪ್ಪಿದ. ಹೆಸರಾಂತ ನಟರು ಪಾತ್ರ ಒಲ್ಲೆ ಎಂದರು. ಮೊದಲ ರಾತ್ರಿ ಜಾನ್ಸನ್ ತನ್ನ ಗೆಳೆಯರನ್ನು ಕಟ್ಟಿಕೊಂಡು ಹೋಗಿ ಕೂತ. ನಾಟಕ ಗೆದ್ದಿತು. ಆಗಲೂ ಹೊರೇಸ್ ವಾಲ್ಪೋಲನಂಥ ಶ್ರೀಮಂತ ವಿದ್ವಾಂಸ ಇದು ಕೀಳು ಪ್ರಹಸನ ಎಂದೇ ಪತ್ರಗಳಲ್ಲಿ ಬರೆದ. ಮರುವರ್ಷ, 1774ರ ಏಪ್ರಿಲ್‌ನಲ್ಲಿ, ಗೋಲ್ಡ್‌ಸ್ಮಿತ್ ಸಾಲದಲ್ಲೇ ಕಣ್ಣುಮುಚ್ಚಿದ.

ಕತೆಯನ್ನು ನಮ್ಮ ಸೀಮೆಯಲ್ಲಿ ನಿಲ್ಲಿಸಿ ಹೇಳುತ್ತೇನೆ, ಆಗ ಅದರ ರುಚಿ ಬೇಗ ಹತ್ತುತ್ತದೆ. ಪಟ್ಟಣದ ಇಬ್ಬರು ಯುವಕರು ಕನ್ಯೆ ನೋಡಲು ಹೊರಟಿದ್ದಾರೆ. ಕತ್ತಲಾಗಿದೆ, ದಾರಿ ತಪ್ಪಿದೆ. ಹಳ್ಳಿಯೊಂದರ ಹೋಟೆಲಿನಲ್ಲಿ ದಾರಿ ಕೇಳುತ್ತಾರೆ. ಅಲ್ಲಿ ಗೆಳೆಯರ ಜೊತೆ ಹಾಡಿಕೊಂಡು ಕೂತಿದ್ದಾನೆ ಕನ್ಯೆಯ ಮಲತಮ್ಮ ಟೋನಿ. ಓದು ತಲೆಗೆ ಹತ್ತದವನು, ಕಿಡಿಗೇಡಿ, ಒಳ್ಳೆಯ ಮನಸ್ಸಿನವನು. ಇವತ್ತು ರಾತ್ರಿ ನೀವು ಆ ಊರು ಮುಟ್ಟುವುದಿಲ್ಲ, ಇಲ್ಲೇ ಮುಂದೆ ಒಳ್ಳೆಯ ಲಾಡ್ಜ್ ಐತಿ, ಹೋಗ್ರಿ ಎಂದು ತನ್ನ ಮನೆಯ ದಾರಿಯನ್ನೇ ತೋರಿಸುತ್ತಾನೆ. ಯುವಕರು ಆ ದೊಡ್ಡ ವಾಡೆಯನ್ನು ಲಾಡ್ಜ್ ಎಂದು, ಮನೆಯ ಯಜಮಾನನಾದ ಗೌಡರನ್ನು ಲಾಡ್ಜಿನ ಮಾಲೀಕನೆಂದು ತಿಳಿಯುತ್ತಾರೆ. ಗೌಡರಿಗೆ ಇವರು ಬೀಗರಾಗಲು ಬಂದವರೆಂದು ಗೊತ್ತು. ಬರ್ರಿ ಬರ್ರಿ, ಕೂಡ್ರಿ ಎಂದು ತಮ್ಮ ಹಳೆಯ ಕಾಲದ ಯುದ್ಧದ ಕತೆ ತೆಗೆಯುತ್ತಾರೆ. ಇವರೋ ಕತೆಯನ್ನು ನಡುವೆಯೇ ಕತ್ತರಿಸಿ, ಊಟಕ್ಕ ಏನೈತಿ ಮೊದಲ ಹೇಳು, ಎಣ್ಣಿಗಾಯಿ ಬ್ಯಾಡ, ರೊಟ್ಟಿ ಬಿಸಿ ಇರ್ಲಿ, ಹಾಸಿಗಿ ನಾವೇ ನೋಡ್ತೀವಿ ಎಂದು ಹುಕುಂ ಮಾಡುತ್ತಾರೆ. ಎಂಥ ಸೊಕ್ಕಿನ ಹುಡುಗರಪಾ ಎಂದು ಗೌಡರು ಒಳಗೊಳಗೇ ಕುದಿಯುತ್ತಾರೆ, ಬಂದ ಅತಿಥಿಯನ್ನು ಬೈಯುವಂತಿಲ್ಲ. ಎಂಥ ಬಾಯಿಬಡುಕ ಮಾಲೀಕ ಎಂದು ಹುಡುಗರಿಗೆ ಬೇಸರ. ಇಬ್ಬರೂ ತಮ್ಮ ತಮ್ಮ ಲೆಕ್ಕದಲ್ಲಿ ಸರಿಯಾಗಿಯೇ ನಡೆದುಕೊಳ್ಳುತ್ತಿದ್ದಾರೆ. ಸತ್ಯ ಗೊತ್ತಿರುವುದು ಟೋನಿಗೆ ಮತ್ತು ನೋಡುವ ನಮಗೆ.

ಗೋಲ್ಡ್‌ಸ್ಮಿತ್‌ನ ಕೈಚಳಕ ಇಲ್ಲೇ ಇದೆ. ಅವನು ಒಂದೇ ಒಂದು ಸುಳ್ಳನ್ನು ನೆಟ್ಟು, ಉಳಿದದ್ದನ್ನೆಲ್ಲ ಅದರಿಂದಲೇ ಬೆಳೆಸುತ್ತಾನೆ. ಮಾರ್ಲೋ ಎಂಬ ವರನಿಗೆ ಒಂದು ವಿಚಿತ್ರ ಸ್ವಭಾವ: ದೊಡ್ಡ ಮನೆತನದ ಹೆಣ್ಣಿನ ಎದುರು ನಿಂತರೆ ಬಾಯಿ ಒಣಗುತ್ತದೆ, ತಲೆಯೇ ಎತ್ತುವುದಿಲ್ಲ. ಕೆಲಸದ ಹೆಣ್ಣುಮಕ್ಕಳ ಎದುರು ಅದೇ ಮನುಷ್ಯ ಮಹಾ ಧೈರ್ಯಶಾಲಿ. ಕನ್ಯೆ ಕೇಟ್‌ಗೂ ಅವಳ ತಂದೆಗೂ ಒಂದು ಒಪ್ಪಂದ ಇದೆ. ಹಗಲು ಅವಳಿಗಿಷ್ಟವಾದ ರೇಷ್ಮೆ, ಸಂಜೆ ತಂದೆಗಿಷ್ಟವಾದ ಸಾದಾ ಉಡುಪು. ಮೊದಲ ಭೇಟಿಯಲ್ಲಿ ಮಾರ್ಲೋ ಅವಳ ಮುಖವನ್ನೇ ನೋಡದ ಕಾರಣ, ಆಮೇಲೆ ಸಾದಾ ಉಡುಪಿನಲ್ಲಿ ಕಂಡವಳನ್ನು ಲಾಡ್ಜಿನ ಕೆಲಸದವಳೆಂದು ತಿಳಿದು ಸಲಿಗೆಗೆ ಇಳಿಯುತ್ತಾನೆ. ಕೇಟ್ ಅವನ ಭ್ರಮೆಯನ್ನು ಹಾಗೇ ಬೆಳೆಸುತ್ತ ಹೋಗುತ್ತಾಳೆ. ಅವನು ನಿಜವಾಗಿ ಎಂಥವನು ಎಂದು ತಿಳಿಯಲು ಅವಳಿಗಿರುವುದು ಅದೊಂದೇ ದಾರಿ. ಇದನ್ನು ನಮ್ಮ ಕಡೆ ಆಡುವಾಗ ಮೊದಲ ಭೇಟಿಯ ದೃಶ್ಯದಲ್ಲಿ ಅವನು ‘ನೀವು, ರೀ’ ಎಂದು ತೊದಲಿ, ಎರಡನೆಯ ಭೇಟಿಯ ದೃಶ್ಯದಲ್ಲಿ ‘ಏ ಹುಡುಗಿ, ಬಾ ಇಲ್ಲಿ’ ಎಂದರೆ ಸಾಕು, ವಿವರಿಸಿ ಹೇಳುವ ಅಗತ್ಯವೇ ಬೀಳುವುದಿಲ್ಲ. ಹೆಣ್ಣಿನ ಉಡುಪು ನೋಡಿ ಮಾತಿನ ಮಟ್ಟ ಬದಲಿಸುವ ಗಂಡಸು ಎಲ್ಲ ಊರಲ್ಲೂ ಇದ್ದಾನೆ. ಅವನನ್ನು ತೋರಿಸಲು ಗೋಲ್ಡ್‌ಸ್ಮಿತ್ ಒಂದು ಸಾಲೂ ಉಪದೇಶ ಮಾಡುವುದಿಲ್ಲ. ನಾಟಕ ಮುಗಿಯುವ ಹೊತ್ತಿಗೆ ಅವನಿಗೆ ತನ್ನ ಮುಖ ತನಗೇ ಕಂಡಿರುತ್ತದೆ.

ಈ ನಾಟಕದಲ್ಲಿ ನಮ್ಮ ದೇಶವೂ ಒಂದು ಮೂಲೆಯಲ್ಲಿ ಕೂತಿದೆ. ಕೇಟ್‌ಳ ಗೆಳತಿ ಕಾನ್ಸ್‌ಟನ್ಸ್‌ಳ ಆಸ್ತಿಯೆಲ್ಲ ಒಡವೆಗಳ ರೂಪದಲ್ಲಿದೆ. ಅವನ್ನು ಬಿಟ್ಟುಹೋದವನು ಅವಳ ಚಿಕ್ಕಪ್ಪ, ಈಸ್ಟ್ ಇಂಡಿಯಾ ಕಂಪನಿಯ ಡೈರೆಕ್ಟರ್. ಆ ಒಡವೆ ಮನೆಯಿಂದ ಹೊರಗೆ ಹೋಗಬಾರದೆಂದು ಟೋನಿಯ ತಾಯಿ ಅವಳನ್ನು ತನ್ನ ಮಗನಿಗೇ ಗಂಟುಹಾಕಲು ನೋಡುತ್ತಾಳೆ. ಟೋನಿ ಅದೇ ಒಡವೆ ಕದ್ದು ಕಾನ್ಸ್‌ಟನ್ಸ್‌ಳ ಪ್ರಿಯಕರನಿಗೆ ಕೊಡುತ್ತಾನೆ. ಅವನು ಮಾರ್ಲೋನ ಕೈಗೆ ಕಳಿಸುತ್ತಾನೆ. ಮಾರ್ಲೋ ಭದ್ರವಾಗಿರಲಿ ಎಂದು ಲಾಡ್ಜಿನ ಯಜಮಾನಿಗೆ, ಅಂದರೆ ಟೋನಿಯ ತಾಯಿಗೇ, ಒಪ್ಪಿಸಿಬಿಡುತ್ತಾನೆ! ಹಿಂದೂಸ್ತಾನದಿಂದ ಹೋದ ಸಂಪತ್ತಿನ ಹಿಂದೆ ಒಂದು ಇಂಗ್ಲಿಷ್ ಮನೆತನ ರಾತ್ರಿಯಿಡೀ ಓಡುವ ಈ ಪರಿಯನ್ನು 1773ರ ಲಂಡನ್ ನೋಡಿ ನಕ್ಕಿತು. ಅದರ ಹಿಂದಿನ ವರ್ಷವೇ ಸ್ಯಾಮ್ಯುಯೆಲ್ ಫೂಟ್ ಎಂಬ ಹಾಸ್ಯ ನಟ-ನಾಟಕಕಾರ ‘ದಿ ನಾಬಾಬ್’ ಬರೆದು, ಇಂಡಿಯಾದಲ್ಲಿ ಲೂಟಿ ಹೊಡೆದು ಶ್ರೀಮಂತರಾಗಿ ಮರಳಿದವರನ್ನು ರಂಗದ ಮೇಲೆ ಎಳೆದು ತಂದಿದ್ದ. 1775ರಲ್ಲಿ ‘ದಿ ರೈವಲ್ಸ್’, 1777ರಲ್ಲಿ ‘ದಿ ಸ್ಕೂಲ್ ಫಾರ್ ಸ್ಕ್ಯಾಂಡಲ್’ ಎಂಬ ನಗೆನಾಟಕಗಳನ್ನು ಬರೆದ ಶೆರಿಡನ್ ಮುಂದೆ ಪಾರ್ಲಿಮೆಂಟ್ ಸದಸ್ಯನಾಗಿ, ಔಧದ ಬೇಗಂಗಳಿಗೆ ಆದ ಅನ್ಯಾಯಕ್ಕಾಗಿ 1787ರಲ್ಲಿ, ಇಂಡಿಯಾದಲ್ಲಿ ಕಂಪನಿಯ ಗವರ್ನರ್ ಜನರಲ್ ಆಗಿದ್ದ ವಾರೆನ್ ಹೇಸ್ಟಿಂಗ್ಸ್ ವಿರುದ್ಧ ಐದು ತಾಸಿಗೂ ಮಿಕ್ಕಿ ಮಾತಾಡಿದ. ಜನರನ್ನು ನಗಿಸುವವರನ್ನು ಹಗುರ ಮನುಷ್ಯರೆಂದು ಎಣಿಸುವವರು ಈ ಭಾಷಣದ ಚರಿತ್ರೆಯನ್ನು ಓದಬೇಕು.

ಈಗ ಕೆರೂರರ ಕಡೆ ಬರೋಣ. ವಾಸುದೇವಾಚಾರ್ಯರು 1866ರಲ್ಲಿ ಹುಟ್ಟಿದವರು, 1921ರಲ್ಲಿ ತೀರಿಕೊಂಡವರು. ವೃತ್ತಿ ವಕೀಲಿ, ಪ್ರವೃತ್ತಿ ಬರವಣಿಗೆ. ‘ಇಂದಿರಾ’ ಕಾದಂಬರಿ ಬರೆದರು, ಕನ್ನಡದಲ್ಲಿ ಸಣ್ಣಕತೆ ಇನ್ನೂ ಹೊಸದಾಗಿದ್ದಾಗ ಕತೆಗಳನ್ನು ಬರೆದರು, ‘ಶುಭೋದಯ’, ‘ಸಚಿತ್ರ ಭಾರತ’ ಪತ್ರಿಕೆಗಳನ್ನು ನಡೆಸಿದರು. ಷೇಕ್ಸ್‌ಪಿಯರನ ‘ಮರ್ಚೆಂಟ್ ಆಫ್ ವೆನಿಸ್’ ಅವರ ಕೈಯಲ್ಲಿ ‘ಸುರತನಗರದ ಶ್ರೇಷ್ಠಿ’ಯಾಯಿತು, ‘ರೋಮಿಯೋ ಜೂಲಿಯೆಟ್’ ‘ರಮೇಶ ಲಲಿತಾ’ ಆಯಿತು. ಗೋಲ್ಡ್‌ಸ್ಮಿತ್‌ನ ನಾಟಕ ‘ವಶೀಕರಣ’ವಾಯಿತು. ಆ ಕಾಲದಲ್ಲಿ ಇಂಗ್ಲಿಷ್ ಓದಿದವರಿಗೆ ಷೇಕ್ಸ್‌ಪಿಯರನನ್ನು ಕನ್ನಡಿಸುವುದು ಗೌರವದ ಕೆಲಸ. ಅನೇಕರು ಮಾಡಿದರು. ಬರೀ ನಗಿಸುವ ನಾಟಕವೊಂದಕ್ಕೂ ಅಷ್ಟೇ ಶ್ರಮ ಹಾಕಬಹುದೆಂದು ತಿಳಿದು ಕೈಹಾಕಿದ್ದು ಕೆರೂರರ ದೊಡ್ಡತನ ಎಂದು ನಾನು ಭಾವಿಸುತ್ತೇನೆ. ಅದಕ್ಕೂ ಮೊದಲೇ, 1887ರಲ್ಲಿ, ಸೂರಿ ವೆಂಕಟರಮಣ ಶಾಸ್ತ್ರಿಗಳ ‘ಇಗ್ಗಪ್ಪ ಹೆಗ್ಗಡೆಯ ವಿವಾಹ ಪ್ರಹಸನ’ ಬಂದಿತ್ತು. ಆದರೂ ಪುರಾಣದ ನಾಟಕಗಳ ಭರಾಟೆಯಲ್ಲಿ ನಮ್ಮ ಮನೆಯೊಳಗಿನ ಜನರೇ ನಗುವ, ನಗೆಪಾಟಲಾಗುವ ನಾಟಕ ಆಗ ಅಪರೂಪವೇ ಆಗಿತ್ತು.

ಇನ್ನೊಂದು ದಾರಿಯಿಂದಲೂ ಗೋಲ್ಡ್‌ಸ್ಮಿತ್ ಕಾಲದ ನಗು ನಮ್ಮ ಗಡಿಗೆ ಬಂತು. ಆಳಂದ, ಅಫಜಲಪುರದವರಿಗೆ ಸೊಲ್ಲಾಪುರ, ಅಕ್ಕಲಕೋಟೆ ಪರಸ್ಥಳವೇನಲ್ಲ. ಸಂತೆಗೆ, ಬೀಗತನಕ್ಕೆ, ಗಿರಣಿಯ ಕೆಲಸಕ್ಕೆ ಹೋಗಿಬಂದ ಊರುಗಳು. ಮರಾಠಿ ಸಂಗೀತ ನಾಟಕಗಳ ರುಚಿ ಈ ಸೀಮೆಯ ಹಿರಿಯರಿಗೆ ಚೆನ್ನಾಗಿಯೇ ಇತ್ತು. ಸಾಂಗಲಿ ಕಡೆಯ ಗೋವಿಂದ ಬಲ್ಲಾಳ ದೇವಲ ಬರೆದ ‘ಸಂಶಯಕಲ್ಲೋಳ’ ಆ ಸಂಗೀತ ನಾಟಕಗಳಲ್ಲಿ ಇಂದಿಗೂ ಜನ ಮೆಚ್ಚಿ ನೋಡುವಂಥದ್ದು. ಗಂಡ ಹೆಂಡತಿಯನ್ನು, ಹೆಂಡತಿ ಗಂಡನನ್ನು ಸಂಶಯಪಟ್ಟು ಪಡುವ ಪಾಡು ಅದರ ವಸ್ತು. 1916ರಲ್ಲಿ ಗಂಧರ್ವ ನಾಟಕ ಮಂಡಳಿ ಅದನ್ನು ಆಡಿತು. ಅದರ ಮೂಲ ಹುಡುಕಿದರೆ ಸಿಗುವುದು 1761ರ ಇಂಗ್ಲಿಷ್ ನಾಟಕ ‘ಆಲ್ ಇನ್ ದಿ ರಾಂಗ್’. ಬರೆದವನು ಆರ್ಥರ್ ಮರ್ಫಿ, ಗೋಲ್ಡ್‌ಸ್ಮಿತ್‌ನಂತೆ ಐರ್ಲೆಂಡಿನಿಂದ ಲಂಡನ್ನಿಗೆ ಬಂದವನು, ಜಾನ್ಸನ್‌ನ ಗೆಳೆಯ. ಮರ್ಫಿಗೆ ಅದು ಫ್ರಾನ್ಸಿನ ಮೊಲಿಯೇರ್‌ನಿಂದ ಬಂದದ್ದು. ಪ್ಯಾರಿಸ್ಸಿನಿಂದ ಲಂಡನ್, ಲಂಡನ್ನಿನಿಂದ ಸಾಂಗಲಿ! ನಡುವೆ ನಾಟಕಕ್ಕೆ ರಾಗ, ತಾಳ, ತಬಲಾ ಕೂಡಿಕೊಂಡವು. ಮರ್ಫಿಯ ಹೆಸರು ಇಂಗ್ಲೆಂಡಿನ ರಂಗದಲ್ಲಿ ಹೆಚ್ಚುಕಡಿಮೆ ಮರೆತುಹೋಗಿದೆ. ಅವನ ನಾಟಕದ ಜೀವ ಮಾತ್ರ ಮರಾಠಿಯಲ್ಲಿ ಹಾಡಿಕೊಂಡು ಇದೆ.

ಗೋಲ್ಡ್‌ಸ್ಮಿತ್, ಕೆರೂರರ ಪುಸ್ತಕಗಳು ನಮ್ಮ ಮೂರು ತಾಲ್ಲೂಕುಗಳ ಶಾಲೆಗಳಿಗೆ ಏಕೆ ಬರಲಿಲ್ಲ ಎಂಬುದಕ್ಕೂ ಕಾರಣ ಇದೆ. ಅಫಜಲಪುರದ ಕಡೆ ಭೀಮಾ ನದಿಯ ಆಚೆ ದಡ ಇಂಡಿ, ಸಿಂದಗಿ. ಅದು ಆಗ ಮುಂಬಯಿ ಇಲಾಖೆ. ಅಲ್ಲಿಯ ಹೈಸ್ಕೂಲು ಹುಡುಗರು ಇಂಗ್ಲಿಷಿನಲ್ಲಿ ಗೋಲ್ಡ್‌ಸ್ಮಿತ್‌ನನ್ನು, ಮನೆಯಲ್ಲಿ ಕೆರೂರರನ್ನು ಓದಬಹುದಿತ್ತು. ಈಚೆ ದಡ ನಿಜಾಮರ ರಾಜ್ಯ. ಸರಕಾರಿ ಶಿಕ್ಷಣ ಉರ್ದುವಿನಲ್ಲಿ, 1918ರಲ್ಲಿ ಆರಂಭವಾದ ಉಸ್ಮಾನಿಯಾ ವಿಶ್ವವಿದ್ಯಾಲಯವೂ ಉರ್ದು ಮಾಧ್ಯಮದ್ದು. ಕನ್ನಡ ಮನೆಯಲ್ಲಿ, ಮಠದಲ್ಲಿ, ಬಯಲಾಟದ ಅಟ್ಟದ ಮೇಲೆ ಉಳಿದುಕೊಂಡಿತು. 1948ರಲ್ಲಿ ನಿಜಾಮರ ಆಳ್ವಿಕೆ ಮುಗಿದು, 1956ರಲ್ಲಿ ನಾಡು ಒಂದಾಗುವವರೆಗೆ ಹೀಗೇ ಇತ್ತು. ಆದ್ದರಿಂದ ಈ ಸೀಮೆಗೆ ನಗೆನಾಟಕವನ್ನು ತಂದವರು ಪಠ್ಯಪುಸ್ತಕದವರಲ್ಲ. ಸಣ್ಣಾಟದ ಮೇಳಗಳು ತಂದವು. ಕೃಷ್ಣ ಪಾರಿಜಾತದ ಗೊಲ್ಲತಿ, ದೂತಿಯರು ತಂದರು. ಆಮೇಲೆ ಡೇರೆ ಹೊತ್ತುಕೊಂಡು ಊರೂರು ಕ್ಯಾಂಪು ಮಾಡಿದ ವೃತ್ತಿ ಕಂಪನಿಗಳು ತಂದವು. ಸುರಪುರ ಸೀಮೆಯ ಎಲ್.ಬಿ.ಕೆ. ಆಲ್ದಾಳರಂಥವರು ಬರೆದ ಸಾಮಾಜಿಕ ನಾಟಕಗಳು ಹಳ್ಳಿಯ ಹವ್ಯಾಸಿಗಳ ಕೈಗೆ ಸಿಕ್ಕವು.

ಜೇವರ್ಗಿಯ ಹೆಸರು ಇಡೀ ಕನ್ನಡ ನಾಡಿನ ನಾಟಕಪ್ರಿಯರ ಬಾಯಲ್ಲಿ ನಿಂತದ್ದು ಒಂದು ನಗೆನಾಟಕದಿಂದಲೇ. ರಾಜಣ್ಣ ಜೇವರ್ಗಿಯವರ ‘ಕುಂಟ ಕೋಣ ಮೂಕ ಜಾಣ’ ಸಾವಿರಗಟ್ಟಲೆ ಪ್ರದರ್ಶನ ಕಂಡಿತು. ಸಿನಿಮಾ, ಟಿ.ವಿ. ಎರಡೂ ಮನೆಬಾಗಿಲಿಗೆ ಬಂದ ಮೇಲೆ, ಕಂಪನಿ ನಾಟಕದ ಕಾಲ ಮುಗಿಯಿತು ಎಂದು ಎಲ್ಲರೂ ಹೇಳುತ್ತಿದ್ದಾಗ ಜನ ಟಿಕೆಟ್ ಕೊಂಡು ಡೇರೆ ತುಂಬಿದರು. ವಿಶ್ವವಿದ್ಯಾಲಯಗಳ ವಿಚಾರಸಂಕಿರಣಗಳಲ್ಲಿ ಇಂಥ ನಾಟಕಗಳಿಗೆ ಸಿಗುವ ಜಾಗ ಇನ್ನೂ ಸಣ್ಣದು. ಕೀಳು ಎಂಬ ಮಾತು ಇಲ್ಲೂ ಬಂದಿದೆ. ಡೇರೆಯ ಹಾಸ್ಯದಲ್ಲಿ ದ್ವಂದ್ವಾರ್ಥದ ಮಾತು ಹೆಚ್ಚಾಗುತ್ತಿದೆ ಎಂಬ ಆಕ್ಷೇಪದಲ್ಲಿ ಹುರುಳಿದೆ, ನಾನು ಅದನ್ನು ಮುಚ್ಚಿಡುವುದಿಲ್ಲ. ಹೆಣ್ಣುಮಕ್ಕಳು ತಲೆ ತಗ್ಗಿಸುವಂಥ ಮಾತಿಗೆ ಬೀಳುವ ಚಪ್ಪಾಳೆ ಒಂದು ಕ್ಷಣದ್ದು. ಆ ಚಪ್ಪಾಳೆಗಾಗಿ ದೃಶ್ಯವನ್ನೇ ಬಲಿಕೊಟ್ಟ ಕಲಾವಿದರನ್ನು ಕಂಡು ನನಗೆ ಸಂಕಟವಾಗಿದೆ. ಗೋಲ್ಡ್‌ಸ್ಮಿತ್ ಅಂಥ ಕಲಾವಿದರ ಸಹಾಯಕ್ಕೆ ಬರುವುದು ಈ ಜಾಗದಲ್ಲೇ. ಮಾತಿನಿಂದ ನಗು ತರುವುದು ಒಂದು ಬಗೆ. ನಿಂತ ಸ್ಥಿತಿಯಿಂದಲೇ ನಗು ಹುಟ್ಟಿಸುವುದು ಇನ್ನೊಂದು ಬಗೆ, ಅದಕ್ಕೆ ಹೆಚ್ಚಿನ ಕಸುಬು ಬೇಕು. ವಾಡೆಯ ಗೌಡರನ್ನು ಲಾಡ್ಜಿನ ಮಾಲೀಕನೆಂದು ತಿಳಿದವನು ಒಂದು ಲೋಟ ನೀರು ಕೇಳಿದರೂ ಡೇರೆ ನಗುತ್ತದೆ.

ನಾಟಕದ ಕೊನೆಯ ಭಾಗದಲ್ಲಿ ಟೋನಿ ತನ್ನ ತಾಯಿಯನ್ನು ಗಾಡಿಯಲ್ಲಿ ಕೂರಿಸಿ ಕತ್ತಲಲ್ಲಿ ಮನೆಯ ಸುತ್ತಲೇ ತಿರುಗಿಸುತ್ತಾನೆ. ತಾವು ಮನೆಯಿಂದ ನಲವತ್ತು ಮೈಲಿ ದೂರ, ಕಳ್ಳಕಾಕರ ಬಯಲಿನಲ್ಲಿ ಸಿಕ್ಕಿದ್ದೇವೆಂದು ಅವಳು ನಂಬುತ್ತಾಳೆ. ಹಿತ್ತಲ ಹೊಂಡದ ಕೆಸರಲ್ಲಿ ನಿಂತು, ಕತ್ತಲಲ್ಲಿ ಬಂದ ತನ್ನ ಗಂಡನನ್ನೇ ದರೋಡೆಗಾರನೆಂದು ತಿಳಿದು ಪ್ರಾಣಭಿಕ್ಷೆ ಬೇಡುತ್ತಾಳೆ. ಗಾಡಿ ಬೇಡ, ಹೊಂಡ ಬೇಡ, ಮರ ಬರೆದ ಒಂದು ಪರದೆ, ಒಂದು ಮಂದ ದೀಪ ಇದ್ದರೆ ಈ ದೃಶ್ಯವನ್ನು ಯಾವ ಜಾತ್ರೆಯ ಅಟ್ಟದ ಮೇಲಾದರೂ ಆಡಬಹುದು.

ಊರ ನಾಟಕ ಸಂಘದ ಗೆಳೆಯರಿಗೆ ನನ್ನ ಎರಡು ಕೋರಿಕೆ. ಹಳೆಯ ಕಂಪನಿಗಳ ಕೈಬರಹದ ನಾಟಕಪ್ರತಿಗಳು, ಹಾಸ್ಯದ ದೃಶ್ಯಗಳನ್ನು ಬೇರೆಯಾಗಿ ಬರೆದಿಟ್ಟ ನೋಟುಬುಕ್ಕುಗಳು ನಿಮ್ಮ ಮನೆಯ ಟ್ರಂಕುಗಳಲ್ಲಿ ಇದ್ದರೆ ರದ್ದಿಗೆ ಹಾಕಬೇಡಿ. ಹಾಸ್ಯದ ಪಾತ್ರಧಾರಿ ಎಷ್ಟೋ ಮಾತನ್ನು ರಂಗದ ಮೇಲೆಯೇ ಹುಟ್ಟಿಸುತ್ತಾನೆ. ಅಚ್ಚಾದ ಪುಸ್ತಕದಲ್ಲಿ ಅದು ಸಿಗುವುದಿಲ್ಲ, ವಯಸ್ಸಾದ ಕಲಾವಿದರ ನೆನಪಿನಲ್ಲಿ ಸಿಗುತ್ತದೆ. ಕೈಯಲ್ಲಿರುವ ಮೊಬೈಲಿನಲ್ಲಿ ಅವರ ಮಾತನ್ನು ಹಿಡಿದಿಡಿ, ಅವರು ಇರುವಾಗಲೇ ಹಿಡಿದಿಡಿ. ಎರಡನೆಯದು, ಮುಂದಿನ ಸುಗ್ಗಿಗೆ ಹೊಸ ನಾಟಕ ಹುಡುಕುವವರು ಈ ಕತೆಯನ್ನು ನಮ್ಮ ಮಾತಿನಲ್ಲಿ ಒಮ್ಮೆ ಕಟ್ಟಿ ನೋಡಿ. ಟೋನಿಯ ಪಾತ್ರವನ್ನು ಮಾತ್ರ ಊರಿನ ಅತ್ಯುತ್ತಮ ಕಲಾವಿದನಿಗೇ ಕೊಡಿ. 1773ರಲ್ಲಿ ವುಡ್‌ವರ್ಡ್ ಎಂಬ ಹೆಸರಾಂತ ಹಾಸ್ಯನಟ ಆ ಪಾತ್ರ ತನಗೆ ಬೇಡವೆಂದು ಬಿಟ್ಟುಕೊಟ್ಟಿದ್ದ. ಅದು ಜಾನ್ ಕ್ವಿಕ್ ಎಂಬ ಎಳೆಯ ನಟನ ಪಾಲಿಗೆ ಬಂತು. ಲಂಡನ್ ಅವನನ್ನು ಆಮೇಲೆ ಬಹಳ ವರ್ಷ ಟೋನಿಯಾಗಿಯೇ ನೆನೆಯಿತು.